ಹೋಗಿ ಬಂದವಳ ಭುಜ

ಅವರೆಕಾಯಿಯ ಕಾಲದಲ್ಲಿ ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ತೆರೆದರೆ ಎರಡು ಬಗೆಯ ಪೊಟ್ಟಣಗಳು ಕಾಣುತ್ತವೆ. ಕೆಂಪು ರಬ್ಬರ್ ಬ್ಯಾಂಡ್ ಹಾಕಿದವು ಸಾರಿಗೆ. ಹಾಕದೆ ಬಿಟ್ಟವು ಭುಜಕ್ಕೆ, ಮೊಣಕಾಲಿಗೆ, ಒಮ್ಮೊಮ್ಮೆ ಮೂಗಿಗೆ. ಎರಡರ ಒಳಗೂ ಇರುವುದು ಅವರೆಕಾಳಿನ ಸಿಪ್ಪೆ ತೆಗೆದ ಹಿತಕಬೇಳೆಯೇ. ಔಷಧಿ ಅಂಗಡಿಯಲ್ಲಿ ಸಿಗುವ ತಣ್ಣನೆಯ ಪ್ಯಾಕುಗಳು ಕಲ್ಲಿನ ಹಾಗೆ ಗಟ್ಟಿಯಾಗಿದ್ದು, ಊದಿಕೊಂಡ ಜಾಗಕ್ಕೆ ಇನ್ನಷ್ಟು ನೋವು ಕೊಡುತ್ತವೆ. ಬೇಳೆಯಾದರೋ ಮೈಯ ಏರಿಳಿತವನ್ನು ಅರಿತು ಅದರ ಮೇಲೆ ಹೊಂದಿಕೊಂಡು ಕೂರುತ್ತದೆ. ಇದನ್ನು ನಾನು ಎಷ್ಟೇ ಶಾಸ್ತ್ರೋಕ್ತವಾಗಿ ವಿವರಿಸಿದರೂ ನಮ್ಮ ಯಜಮಾನರು ಮಾತ್ರ ಹಿತಕಬೇಳೆ ಸಾರು ಬಡಿಸುವಾಗಲೆಲ್ಲ ಸೌಟನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ ತಟ್ಟೆ ಮುಂದೆ ಮಾಡುತ್ತಾರೆ.

ನಾನು ಫಿಸಿಯೋಥೆರಪಿಸ್ಟು. ಬಾಣಸವಾಡಿಯ ನಮ್ಮ ಮನೆಯ ಪಕ್ಕದಲ್ಲಿ, ನಾನು ಮದುವೆಯಾಗಿ ಬಂದಾಗ ದನದ ಕೊಟ್ಟಿಗೆಯಾಗಿದ್ದ ಜಾಗದಲ್ಲಿ ಈಗ ನನ್ನ ಕ್ಲಿನಿಕ್ ಇದೆ. ಹಸುಗಳನ್ನು ಕಟ್ಟುತ್ತಿದ್ದ ಕಡೆ ಈಗ ಸಾಫ್ಟ್‌ವೇರಿನವರ ಕತ್ತುಗಳು, ಅಜ್ಜಿಯರ ಮಂಡಿಗಳು, ಬೈಕಿನಿಂದ ಬಿದ್ದವರ ಮಣಿಕಟ್ಟುಗಳು ಸಾಲಾಗಿ ಬಂದು ಮಲಗುತ್ತವೆ. ಇವುಗಳ ನಡುವೆ ಒಂದು ದಿನ ಒಬ್ಬಳು ಹುಡುಗಿ ತನ್ನ ಬಲಗೈಯ ಉಂಗುರ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು, ಯಾರದೋ ಕಳೆದುಹೋದ ಸಾಮಾನನ್ನು ಒಪ್ಪಿಸಲು ಬಂದವಳಂತೆ ಒಳಗೆ ಬಂದಳು. ಕೀಲು ತಪ್ಪಿತ್ತು, ಆಸ್ಪತ್ರೆಯಲ್ಲಿ ಅದನ್ನು ಕೂರಿಸಿದ್ದರು, ಆದರೆ ಮಡಚಲು ಬರುತ್ತಿರಲಿಲ್ಲ. ಏನಾಯಿತು ಎಂದು ಕೇಳಿದೆ. ರಗ್ಬಿ ಎಂದಳು. ಆವರೆಗೆ ನನ್ನ ತಿಳಿವಳಿಕೆಯಲ್ಲಿ ರಗ್ಬಿ ಎಂದರೆ ಹೊದ್ದುಕೊಳ್ಳುವ ದಪ್ಪ ರಗ್ಗಿನ ಹೆಸರಿಗೆ ಹತ್ತಿರ ಹತ್ತಿರದ ಒಂದು ಶಬ್ದ, ಅಷ್ಟೆ.

ಅವಳೇ ಫಿಲೋಮಿನಾ. ಎಲ್ಲರ ಬಾಯಲ್ಲಿ ಫಿಲು. ಹಲಸೂರಿನ ಹುಡುಗಿ, ರಿಚರ್ಡ್ಸ್ ಟೌನಿನ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ಬೆರಳು ಸರಿಯಾಗುವ ಹೊತ್ತಿಗೆ ಅವಳು ನನ್ನನ್ನು ಒಂದು ಭಾನುವಾರ ಹೊರಮಾವಿನ ಆಚೆಯ ಮಣ್ಣಿನ ಮೈದಾನಕ್ಕೆ ಕರೆದೊಯ್ದಳು. ಹೊರಮಾವು ನನ್ನ ತವರು. ಈಗ ಮೈದಾನವಿರುವ ಕಡೆ ನಾವು ಮಕ್ಕಳಾಗಿದ್ದಾಗ ರಾಗಿ ಬೆಳೆಯುತ್ತಿತ್ತು. ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ನಡುವೆ ಯಾವುದೋ ವ್ಯಾಜ್ಯದ ದೆಸೆಯಿಂದ ಉಳಿದುಕೊಂಡ ಆ ನೆಲದಲ್ಲಿ ಹುಡುಗಿಯರು ಮೈಯೆಲ್ಲ ಮಣ್ಣಾಗಿ ಓಡುತ್ತಿದ್ದರು. ಅಂದು ಹೋದವಳು ಇಂದಿಗೂ ಹೋಗುತ್ತಲೇ ಇದ್ದೇನೆ. ಕ್ಲಬ್ಬಿನವರು ನನಗೆ ಒಂದು ಟೀ ಶರ್ಟನ್ನೂ ಅಕ್ಕ ಎಂಬ ಪದವಿಯನ್ನೂ ಕೊಟ್ಟಿದ್ದಾರೆ.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಇದು ಒಂದೊಂದು ಕಡೆ ಹದಿಮೂರು ಮಂದಿ ಆಡುವ ರಗ್ಬಿ. ಮೊಟ್ಟೆಯಾಕಾರದ ಚೆಂಡನ್ನು ಎದೆಗವುಚಿಕೊಂಡು ಎದುರಾಳಿಯ ಕೊನೆಯ ಗೆರೆ ದಾಟಿ ನೆಲಕ್ಕೆ ಊರಬೇಕು. ಎದುರಾಳಿಗಳು ಹಿಡಿದು ಕೆಡವುತ್ತಾರೆ. ಇಷ್ಟರಲ್ಲಿ ಚೆಂಡನ್ನು ಜೊತೆಯವರಿಗೆ ಎಸೆಯಬಹುದು, ಆದರೆ ಹಿಂದಕ್ಕೆ ಮಾತ್ರ. ಮುಂದೆ ಹೋಗಬೇಕಾದವರು ಹಿಂದಿರುವವರನ್ನು ನಂಬಿಯೇ ಹೋಗಬೇಕು ಎಂಬ ಈ ನಿಯಮ ನನಗೆ ಮೊದಲ ದಿನವೇ ಹಿಡಿಸಿತು. ಫಿಲು ಹೆಚ್ಚು ಓಡುವವಳಲ್ಲ. ಓಡಿ ಬರುವವರನ್ನು ನಿಲ್ಲಿಸುವವಳು. ತನಗಿಂತ ಎರಡು ಪಾಲು ತೂಕದವರು ನುಗ್ಗಿ ಬಂದರೂ ಸೊಂಟದ ಕೆಳಗೆ ಭುಜ ಕೊಟ್ಟು, ಬುಟ್ಟಿ ಇಳಿಸುವ ಹಾಗೆ ಅವರನ್ನು ನೆಲಕ್ಕೆ ಇಳಿಸುತ್ತಿದ್ದಳು. ಆ ಭುಜವೇ ನಮ್ಮ ತಂಡದ ಗೋಡೆ.

ಕೋಚ್ ರಿಯಾಜ್ ಭಾಯಿ. ಶಿವಾಜಿನಗರದಲ್ಲಿ ಅವರದು ಹಾಸಿಗೆ ಅಂಗಡಿ. ವಾರವೆಲ್ಲ ಜನರನ್ನು ಮೆತ್ತಗೆ ಮಲಗಿಸುವ ವ್ಯವಸ್ಥೆ ಮಾಡಿ, ಭಾನುವಾರ ಗಟ್ಟಿ ನೆಲದ ಮೇಲೆ ಬೀಳುವುದು ಹೇಗೆಂದು ಕಲಿಸುತ್ತಾರೆ. ಈ ಮಾತನ್ನು ನಾನು ಅವರ ಎದುರಿಗೇ ಹೇಳಿದ್ದೆ, ನಗಲಿಲ್ಲ. ಅವರು ಆಟದ ವಿಷಯದಲ್ಲಿ ನಗುವವರಲ್ಲ. ಯಾವ ಹುಡುಗಿಯ ಮನೆಯಲ್ಲಿ ಒಪ್ಪಿಗೆ ಇಲ್ಲ, ಯಾರು ಉಪವಾಸ ಬಂದಿದ್ದಾರೆ, ಯಾರು ಆಫೀಸಿನಲ್ಲಿ ಬೈಸಿಕೊಂಡು ಬಂದಿದ್ದಾರೆ ಎಲ್ಲ ಅವರಿಗೆ ಗೊತ್ತಿರುತ್ತಿತ್ತು. ಹುಡುಗಿಯರ ತಂಡ ಕಟ್ಟಲು ಅವರು ಮನೆ ಮನೆಗೆ ಹೋಗಿ ಅಪ್ಪ ಅಮ್ಮಂದಿರ ಮುಂದೆ ಕೂತು ಟೀ ಕುಡಿದಿದ್ದರು. ಹೀಗೆ ಕಟ್ಟಿದ ತಂಡ ಮೊದಲ ಬಾರಿಗೆ ನಮ್ಮ ಲೀಗಿನ ಮೇಲಿನ ವಿಭಾಗಕ್ಕೆ ಏರಿದ ವರ್ಷ ಈ ಪ್ರಸಂಗ ನಡೆಯಿತು.

ಸೀಸನ್ ಮುಗಿಯುತ್ತಾ ಬಂದಾಗ ಫಿಲುಗೆ ಫೋನ್ ಬಂತು. ದೇಶದ ತಂಡಕ್ಕೆ ಆಯ್ಕೆಯಾಗಿದ್ದಾಳೆ, ಮನಿಲಾದಲ್ಲಿ ಪಂದ್ಯ, ಅದಕ್ಕೆ ಮೊದಲು ಶಿಬಿರ. ಅವಳು ಅಭ್ಯಾಸಕ್ಕೆ ಬಂದು ಬೂಟು ಹಾಕಿಕೊಳ್ಳದೆ ನಿಂತಿದ್ದಳು. ವಿಷಯ ಹೇಳಿದ ಕೂಡಲೇ ಹುಡುಗಿಯರು ಕುಣಿದರು, ಒಬ್ಬಳು ಅವಳನ್ನು ಎತ್ತಲು ಹೋಗಿ ಇಬ್ಬರೂ ಬಿದ್ದರು. ರಿಯಾಜ್ ಭಾಯಿ ಮಾತ್ರ ಕೈಯಲ್ಲಿದ್ದ ಚೆಂಡನ್ನು ಕಂಕುಳಿಗೆ ಸೇರಿಸಿಕೊಂಡು ಪಂದ್ಯದ ದಿನ ಯಾವುದೆಂದು ಕೇಳಿದರು. ಅದೇ ವಾರ ನಮ್ಮದೂ ಪಂದ್ಯವಿತ್ತು. ಮೇಲಿನ ವಿಭಾಗದಲ್ಲಿ ಉಳಿಯಬೇಕಾದರೆ ಉಳಿದ ಎರಡು ಪಂದ್ಯಗಳಲ್ಲಿ ಒಂದನ್ನಾದರೂ ಗೆಲ್ಲಬೇಕಿತ್ತು.

"ಕಂಗ್ರಾಟ್ಸ್ ಫಿಲು," ಎಂದರು ಅವರು. "ಆದ್ರೆ ನಂಗೆ ಖುಷಿ ಆಗ್ತಿಲ್ಲ, ಅದನ್ನೂ ಹೇಳ್ಬಿಡ್ತೀನಿ."

ಆಮೇಲೆ ಅವರು ಹೇಳಿದ್ದನ್ನೆಲ್ಲ ಸಿಟ್ಟಿನ ಮಾತೆಂದು ತಳ್ಳಿಹಾಕುವಂತಿರಲಿಲ್ಲ. ಇದು ನಮ್ಮ ಮಣ್ಣಿನ ಮೈದಾನದ ಗೋಳಷ್ಟೇ ಅಲ್ಲ; ಈ ಆಟ ಹುಟ್ಟಿದ ನಾಡುಗಳಲ್ಲೂ ಇದೇ ಜಗಳ ನಡೆಯುತ್ತದೆಯಂತೆ. ವರ್ಷವಿಡೀ ಆಟಗಾರನಿಗೆ ಊಟ, ಔಷಧಿ, ಅಭ್ಯಾಸ ಎಲ್ಲವನ್ನೂ ಕೊಡುವುದು ಕ್ಲಬ್ಬು. ಸೀಸನ್ ಕಾವೇರಿದ ಹೊತ್ತಿಗೆ ದೇಶ ಬಂದು ಅವನನ್ನು ಸಮುದ್ರದಾಚೆ ಕರೆದೊಯ್ಯುತ್ತದೆ. ಹಿಂತಿರುಗಿ ಬರುವಾಗ ಅವನ ಕಾಲು ಕುಂಟುತ್ತಿದ್ದರೆ ದೇಶ ಅಭಿನಂದನೆ ಹೇಳಿ ವಿಮಾನ ಹತ್ತಿಸುತ್ತದೆ, ಕುಂಟುವುದನ್ನು ಕ್ಲಬ್ಬು ನೋಡಿಕೊಳ್ಳಬೇಕು. ಅಲ್ಲಿಯ ಕ್ಲಬ್ಬುಗಳಿಗೆ ಡಾಕ್ಟರು, ವಿಮೆ, ವಕೀಲರು ಇದ್ದಾರೆ. ನಮಗಿರುವುದು ಅಕ್ಕನ ಹಿತಕಬೇಳೆ ಎಂದರು ರಿಯಾಜ್ ಭಾಯಿ. ಅವರು ತಮಾಷೆ ಮಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ, ಅದೂ ಅವರಿಗೆ ತಮಾಷೆಯಾಗಿರಲಿಲ್ಲ.

ಫಿಲು ಎಲ್ಲ ಕೇಳಿಸಿಕೊಂಡು, "ಸರ್, ಹೋಗ್ಬೇಡ ಅಂದ್ರೆ ಹೋಗಲ್ಲ," ಎಂದಳು.

ಆ ಮಾತು ಅವರನ್ನು ಇನ್ನೂ ಇಕ್ಕಟ್ಟಿಗೆ ಸಿಕ್ಕಿಸಿತು. ಹೋಗಬೇಡ ಎನ್ನಲು ಬಾಯಿ ಬರಲಿಲ್ಲ, ಹೋಗು ಎನ್ನಲು ಮನಸ್ಸು ಬರಲಿಲ್ಲ. ನನ್ನತ್ತ ತಿರುಗಿ ನೀವೇನಂತೀರಿ ಎಂದು ಕೇಳಿದರು. ಕಳಿಸಿ ಎಂದೆ. ಅವಳ ವಯಸ್ಸಿನ ಭುಜಗಳನ್ನು ನಾನು ದಿನಾ ನೋಡುತ್ತೇನೆ. ಎಷ್ಟು ಸೀಸನ್ನು ಉಳಿದಿವೆ ಎಂಬ ಅಂದಾಜು ನನಗಿತ್ತು. ಎರಡನೆಯ ಬಾರಿ ಕರೆ ಬರುತ್ತದೆಂದು ಯಾರೂ ಹೇಳುವಂತಿರಲಿಲ್ಲ. ಅವರು ತಲೆಯಾಡಿಸಿ, ಅಭ್ಯಾಸ ಶುರುಮಾಡಿ ಎಂದು ಸೀಟಿ ಊದಿದರು. ಒಪ್ಪಿಗೆಯೆಂದರೆ ಅದೇ.

ಅಂದು ಮನೆಗೆ ಬಂದು ರಾಗಿ ಹಿಟ್ಟು ಕಲಸುತ್ತಾ ನನಗೆ ನನ್ನ ಅತ್ತೆಯ ನೆನಪಾಯಿತು. ಹೊರಮಾವಿಗೂ ಬಾಣಸವಾಡಿಗೂ ನಡುವೆ ದೂರವೇನು ಬಂತು? ಆದರೂ ನಾನು ಹೊಸ ಸೊಸೆಯಾಗಿದ್ದಾಗ ಗೌರಿಹಬ್ಬಕ್ಕೆ ನನ್ನಣ್ಣ ಕರೆಯಲು ಬರುವುದೆಂದರೆ ಎರಡು ರಾಜ್ಯಗಳ ನಡುವಿನ ಸಂಧಾನದಷ್ಟು ಬಿಗಿ. ಆಗ ನಮ್ಮ ಗಂಡನ ಮನೆಯಲ್ಲಿ ಇನ್ನೂ ತರಕಾರಿ ತೋಟವಿತ್ತು. ಹುರುಳಿಕಾಯಿ ಬಿಡಿಸುವ ಹೊತ್ತಿಗೇ ಹಬ್ಬ ಬರುತ್ತಿತ್ತು. ಅತ್ತೆ ಕೆಟ್ಟವರಲ್ಲ. ಕಳಿಸುವುದಿಲ್ಲ ಎಂದವರಲ್ಲ. ಎಲೆ ಅಡಿಕೆ ಕೊಟ್ಟು, ಅಣ್ಣನಿಗೆ ಊಟಕ್ಕೆ ಬಡಿಸಿ, ತೋಟದ ಕಡೆ ನೋಡಿ ಒಂದು ನಿಟ್ಟುಸಿರು ಬಿಡುತ್ತಿದ್ದರು; ಅಷ್ಟೇ. ಆ ನಿಟ್ಟುಸಿರನ್ನು ನಾನು ಕೈಚೀಲದಲ್ಲಿ ಹಾಕಿಕೊಂಡು ತವರಿಗೆ ಹೋಗುತ್ತಿದ್ದೆ. ಹೋದಲ್ಲಿ ಅಮ್ಮ ಇನ್ನೆರಡು ದಿನ ಇರು ಎನ್ನುವಳು. ಎರಡು ಮನೆಗೂ ನಾನು ಬೇಕಾಗಿದ್ದೆನೆಂಬುದು ಹೆಮ್ಮೆಯ ವಿಷಯವೇ. ಆದರೆ ಬೇಕಾದವಳಾಗಿರುವುದರಲ್ಲಿ ಒಂದು ಆಯಾಸವಿದೆ. ಅದು ಬೇಡವಾದವರಿಗೆ ತಿಳಿಯುವುದಿಲ್ಲ, ಬೇಕೆನ್ನುವವರಿಗಂತೂ ತಿಳಿಯುವುದೇ ಇಲ್ಲ.

ಫಿಲು ಹೋದಳು. ಅವಳಿಲ್ಲದ ಭಾನುವಾರ ಅವಳ ಜಾಗದಲ್ಲಿ ಶೈಲಾ ನಿಂತಳು. ಶೈಲಾ ಗದಗಿನ ಕಡೆಯವಳು. ಅಪ್ಪನ ಕೆಲಸದ ದೆಸೆಯಿಂದ ಮನೆಮಂದಿಯೆಲ್ಲ ಹೊರಮಾವಿಗೆ ಬಂದು ನೆಲೆಸಿದ್ದರು, ಅವಳೂ ಹತ್ತಿರದ ಆಫೀಸೊಂದರಲ್ಲಿ ಕೆಲಸ ಮಾಡುತ್ತಿದ್ದಳು. ಗಟ್ಟಿ ಹುಡುಗಿ, ಹೆದರುವವಳಲ್ಲ, ಆದರೆ ಹಿಡಿಯಬೇಕಾದ ಹೊತ್ತಿಗಿಂತ ಒಂದು ಉಸಿರು ತಡವಾಗಿ ಹಿಡಿಯುತ್ತಿದ್ದಳು. ಗೋಡೆಯಿದ್ದ ಕಡೆ ಬಾಗಿಲು ತೆರೆದ ಹಾಗಾಯಿತು. ಸೋತೆವು. ಪಂದ್ಯ ಮುಗಿದ ಮೇಲೆ ಶೈಲಾ ನನ್ನ ಪಕ್ಕ ಕೂತು ಬೂಟಿನ ಮಣ್ಣು ಕೆರೆಯುತ್ತಾ, ಫಿಲು ಅಕ್ಕ ಇದ್ದಿದ್ದರೆ ಗೆಲ್ಲುತ್ತಿದ್ದೆವು ಎಂದಳು. ತನ್ನ ತಪ್ಪು ಒಪ್ಪಿಕೊಳ್ಳುವ ದನಿಯಲ್ಲಿ ಹೇಳಿದ ಆ ಮಾತೇ ಸಂಜೆಯ ಹೊತ್ತಿಗೆ ತಂಡದ ವಾಟ್ಸಾಪ್ ಗುಂಪಿನಲ್ಲಿ ಬೇರೆ ಬೇರೆಯವರ ಬೆರಳಿನಿಂದ ಬೇರೆ ಬೇರೆ ದನಿಯಲ್ಲಿ ಬಂತು. ಫಿಲು ಅದೇ ಗುಂಪಿನಲ್ಲಿದ್ದಳು.

ಮನಿಲಾದ ಪಂದ್ಯ ಫೋನಿನಲ್ಲಿ ನೇರವಾಗಿ ಬರುತ್ತಿತ್ತು. ನಾನು ಏನೋ ಕೆಲಸಕ್ಕೆಂದು ಶಿವಾಜಿನಗರಕ್ಕೆ ಹೋಗಿದ್ದವಳು, ಹೇಗಿದ್ದರೂ ನೋಡಬೇಕಲ್ಲ ಎಂದು ರಿಯಾಜ್ ಭಾಯಿಯ ಅಂಗಡಿ ಹೊಕ್ಕೆ. ಅವರು ನೋಡುವುದಿಲ್ಲವೆಂದು ನನಗೆ ಹೇಳಿದ್ದರು. ಒಳಗೆ ಹೋದರೆ ಹತ್ತಿ ಮೂಟೆಗೆ ಫೋನನ್ನು ಒರಗಿಸಿಟ್ಟು, ಹಾಸಿಗೆ ಕೊಳ್ಳಲು ಬಂದ ದಂಪತಿಯನ್ನು ಕೆಲಸದವನಿಗೆ ಒಪ್ಪಿಸಿ, ಮುಂದಕ್ಕೆ ಬಾಗಿ ಕೂತಿದ್ದಾರೆ. ಚಿತ್ರ ಆಗಾಗ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಫಿಲು ನೀಲಿ ಅಂಗಿಯಲ್ಲಿ ಗಾಳಿಯಲ್ಲೇ ತೂಗುಬಿದ್ದಂತೆ ಕಾಣುತ್ತಿದ್ದಳು. ಚಿತ್ರ ಚಲಿಸಿದಾಗ ಅವಳು ಯಾರನ್ನಾದರೂ ಕೆಡವಿ ಏಳುತ್ತಿದ್ದಳು. ರಿಯಾಜ್ ಭಾಯಿ ತಮಗೆ ತಾವೇ ಎಂಬಂತೆ, ಕೆಳಗೆ, ಇನ್ನೂ ಕೆಳಗೆ, ತಲೆ ಆ ಕಡೆ ಎಂದು ಹೇಳಿಕೊಳ್ಳುತ್ತಿದ್ದರು. ನಮ್ಮ ದೇಶ ಆ ಪಂದ್ಯ ಸೋತಿತು. ಫಿಲು ಚೆನ್ನಾಗಿ ಆಡಿದಳು, ಮೊದಲಿನಿಂದ ಕೊನೆಯವರೆಗೆ ಆಡಿದಳು. ಮುಗಿದ ಮೇಲೆ ಅವರು ಫೋನು ತೆಗೆದು ಜೇಬಿಗೆ ಹಾಕಿಕೊಂಡು, "ಒಂದು ನಿಮಿಷಾನೂ ರೆಸ್ಟ್ ಕೊಟ್ಟಿಲ್ಲ ನೋಡಿ ಅಕ್ಕ," ಎಂದರು. ದನಿಯಲ್ಲಿ ದೂರೂ ಇತ್ತು, ಹೆಮ್ಮೆಯೂ ಇತ್ತು. ಯಾವುದು ಹೆಚ್ಚೆಂದು ಅವರನ್ನು ಕೇಳಿದ್ದರೆ ಅವರಿಗೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಮುಂದಿನ ಪಂದ್ಯಕ್ಕೆ ಸರಿಯಾಗಿ ಹಿಂದಿನ ದಿನ ಅವಳು ಊರಿಗೆ ಬಂದಳು. ವಿಮಾನ ನಿಲ್ದಾಣದಿಂದ ಹಲಸೂರಿನ ಮನೆಗೆ ಹೋಗಿ, ಅಮ್ಮನಿಗೆ ಮುಖ ತೋರಿಸಿ, ಸ್ನಾನ ಮಾಡಿ, ನೇರ ನನ್ನ ಕ್ಲಿನಿಕ್ಕಿಗೆ ಬಂದಳು. ತಂಡಕ್ಕೆಲ್ಲ ಒಣ ಮಾವಿನ ಪೊಟ್ಟಣ ತಂದಿದ್ದಳು. ನಾನು ಅವಳ ಬಲ ಭುಜ ಮುಟ್ಟಿದೆ. ಮುರಿದಿರಲಿಲ್ಲ, ಹರಿದಿರಲಿಲ್ಲ, ಆದರೆ ಸ್ನಾಯುಗಳೆಲ್ಲ ಹುರಿಗಟ್ಟಿದ್ದವು. ಕೈಯನ್ನು ಕಿವಿಯವರೆಗೆ ಎತ್ತಲು ಹೇಳಿದರೆ ಎತ್ತಿದಳು, ಆದರೆ ಎತ್ತುವಾಗ ಉಸಿರು ಬಿಗಿಹಿಡಿದಳು. ನಿದ್ದೆ ಮಾಡಿದೆಯಾ ಎಂದರೆ ವಿಮಾನದಲ್ಲಿ ಸ್ವಲ್ಪ ಎಂದಳು. ನಾಳೆ ಆಡಬೇಡ, ಒಂದು ವಾರ ಬಿಡು ಎಂದೆ.

"ಏನಿಲ್ಲ ಅಕ್ಕ, ಟೈಟ್ ಆಗಿದೆ ಅಷ್ಟೇ. ಇದೂ ಸೋತ್ರೆ ಕೆಳಗೆ ಹೋಗ್ಬಿಡ್ತೀವಿ. ಎಲ್ಲಾರೂ ಏನಂತಾರೆ?"

ಏನೂ ಅನ್ನುವುದಿಲ್ಲ ಎಂದೆ. ಅವಳು ನಕ್ಕು, ಬೇಳೆ ಪೊಟ್ಟಣವನ್ನು ಭುಜದ ಮೇಲೆ ಸರಿಮಾಡಿಕೊಂಡು ಕಣ್ಣು ಮುಚ್ಚಿದಳು. ರಿಯಾಜ್ ಭಾಯಿಗೆ ನಾನು ಫೋನ್ ಮಾಡಿ ಇದನ್ನೇ ಹೇಳಿದೆ. ಅವರು, ನಾಳೆ ಅವಳನ್ನೇ ಕೇಳುತ್ತೇನೆ ಎಂದರು.

ಅವಳನ್ನೇ ಕೇಳುವುದು. ಕೇಳಲು ಎಷ್ಟು ನ್ಯಾಯವಾದ ಮಾತು. ಮರುದಿನ ಮೈದಾನದಲ್ಲಿ ಅವರು ಕೇಳಿದರು, ನಾನು ಪಕ್ಕದಲ್ಲೇ ಇದ್ದೆ.

"ಆಡ್ತೀಯಾ ಫಿಲು? ಬೇಡ ಅಂದ್ರೂ ಪರವಾಗಿಲ್ಲ."

"ಆಡ್ತೀನಿ ಸರ್."

ಆ ಉತ್ತರ ಕೊಟ್ಟವಳು ಯಾರೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೌರಿಹಬ್ಬ ಮುಗಿಸಿ ತವರಿನಿಂದ ಮರಳಿದ ಸಂಜೆ ನಾನೂ ಹೀಗೇ ಇದ್ದೆ. ಅತ್ತೆ ಕೈಕಾಲು ತೊಳೆದುಕೋ, ಸುಧಾರಿಸಿಕೋ ಎನ್ನುತ್ತಿದ್ದರು. ನಾನು ಸೀರೆ ಬದಲಿಸುವ ಮೊದಲೇ ಒರಳಿನ ಮುಂದೆ ಕೂರುತ್ತಿದ್ದೆ. ಯಾರೂ ಹೇಳದ ಕೆಲಸ, ಯಾರೂ ಕೇಳದ ದುಡಿಮೆ. ಹೋಗಿ ಬಂದವಳ ಮೇಲೆ ಒಂದು ಹೊರೆ ಇರುತ್ತದೆ. ಅದನ್ನು ಯಾರೂ ಹೊರಿಸುವುದಿಲ್ಲ, ಅವಳೇ ದಾರಿಯಲ್ಲಿ ಎತ್ತಿಕೊಂಡು ಬರುತ್ತಾಳೆ. ತಾನಿಲ್ಲದಾಗ ಇಲ್ಲಿ ಕೆಟ್ಟದ್ದಕ್ಕೆಲ್ಲ ತಾನೇ ಹೊಣೆ ಎಂದು ತೀರಿಸಲು ನಿಲ್ಲುತ್ತಾಳೆ. ಅಂಥವಳನ್ನು ಆಡುತ್ತೀಯಾ ಎಂದು ಕೇಳಿದರೆ ಇನ್ನೇನು ಹೇಳಿಯಾಳು?

ಮೊದಲರ್ಧ ಅವಳು ಚೆನ್ನಾಗಿಯೇ ಆಡಿದಳು. ಎರಡನೆಯ ಅರ್ಧದಲ್ಲಿ, ನಾವು ಸ್ವಲ್ಪ ಮುಂದಿದ್ದಾಗ, ಎದುರಾಳಿಯ ಎತ್ತರದ ಹುಡುಗಿಯೊಬ್ಬಳು ಅಂಚಿನಲ್ಲಿ ಓಡಿ ಬಂದಳು. ಫಿಲು ಎಂದಿನ ಹಾಗೆ ಅಡ್ಡ ಹೋದಳು, ಆದರೆ ಎಂದಿನಷ್ಟು ಬಾಗಲಿಲ್ಲ. ದಣಿದ ಮೈ ಬಾಗುವುದಿಲ್ಲ. ಇಬ್ಬರೂ ಒಟ್ಟಿಗೆ ಬಿದ್ದರು. ಆ ಹುಡುಗಿ ಎದ್ದಳು, ಇವಳು ಏಳಲಿಲ್ಲ. ನಾನು ಓಡಿಹೋಗಿ ನೋಡಿದಾಗ ಅವಳು ಎಡಗೈಯಿಂದ ಬಲಗೈಯನ್ನು ಹಿಡಿದುಕೊಂಡಿದ್ದಳು. ಕೊರಳಿನಿಂದ ಭುಜಕ್ಕೆ ಅಡ್ಡಲಾಗಿರುವ ಎಲುಬು ಮುರಿದದ್ದು ಚರ್ಮದ ಮೇಲಿನಿಂದಲೇ ತಿಳಿಯುತ್ತಿತ್ತು. ಅವಳು ಅಳಲಿಲ್ಲ. ಚೆಂಡು ಗೆರೆ ದಾಟಿತಾ ಎಂದು ಕೇಳಿದಳು. ದಾಟಿಲ್ಲ ಎಂದೆ. ನಿಜವಾಗಿಯೂ ದಾಟಿರಲಿಲ್ಲ. ನಾವು ಆ ಪಂದ್ಯ ಗೆದ್ದೆವು, ಮೇಲಿನ ವಿಭಾಗದಲ್ಲಿ ಉಳಿದೆವು. ಗೆದ್ದ ಸುದ್ದಿ ನಮಗೆ ತಲುಪಿದ್ದು ಆಸ್ಪತ್ರೆಯ ಎಕ್ಸ್‌ರೇ ಕೋಣೆಯ ಹೊರಗೆ. ರಿಯಾಜ್ ಭಾಯಿ ಫೋನಿನಲ್ಲಿ ಅದನ್ನು ಕೇಳಿ, ಸರಿ ಎಂದಷ್ಟೇ ಹೇಳಿ ಇಟ್ಟರು.

ಎರಡನೆಯ ಫೋನು ದೇಶದ ತಂಡದ ಮ್ಯಾನೇಜರರದು. ಮರುಪಂದ್ಯಕ್ಕೆ ಮನಿಲಾದವರು ನಮ್ಮಲ್ಲಿಗೆ ಬರುವವರಿದ್ದರು. ಅದನ್ನು ಆಡಬೇಕಾದ ನಮ್ಮ ದೇಶದ ತಂಡದಲ್ಲೂ ಫಿಲು ಇದ್ದಳು. ಆ ಮನುಷ್ಯ ಕೂಗುತ್ತಿದ್ದದ್ದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತಿತ್ತು. ಅಂತರರಾಷ್ಟ್ರೀಯ ಪಂದ್ಯ ಆಡಿ ಬಂದವಳನ್ನು ಮರುದಿನವೇ ಯಾರಾದರೂ ಇಳಿಸುತ್ತಾರೆಯೇ, ನಿಮಗೆ ನಿಮ್ಮ ಕ್ಲಬ್ಬೇ ಹೆಚ್ಚಾಯಿತೇ ಎಂದೆಲ್ಲ. ರಿಯಾಜ್ ಭಾಯಿಗೆ ಹೇಳಲು ಬೇಕಾದಷ್ಟಿತ್ತು. ಅವಳಿಗೆ ಒಂದು ನಿಮಿಷವೂ ವಿಶ್ರಾಂತಿ ಕೊಡದೆ ಆಡಿಸಿದ್ದು ಯಾರು, ಪಂದ್ಯ ಮುಗಿದ ಕೂಡಲೇ ವಿಮಾನ ಹತ್ತಿಸಿದ್ದು ಯಾರು ಎಂದು ಕೇಳಬಹುದಿತ್ತು. ಆದರೆ ಅವರು ಕೊನೆಯವರೆಗೆ ಕೇಳಿಸಿಕೊಂಡು, ನೀವು ಹೇಳೋದು ಸರಿ ಸರ್ ಎಂದರು. ದೇಶ ಅವಳನ್ನು ಮುರಿದು ಕಳಿಸುತ್ತದೆಂದು ಹೆದರಿದ್ದವರು ಅವರು. ಕಡೆಗೆ ಅವಳು ಬಿದ್ದದ್ದು ಅವರ ಸ್ವಂತ ಮೈದಾನದಲ್ಲಿ.

ಮರುದಿನ ನಾವಿಬ್ಬರೂ ಹಲಸೂರಿಗೆ ಹೋದೆವು. ಕೆರೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಬಾಗಿಲ ಬಳಿ ಹೊಲಿಗೆ ಯಂತ್ರ, ಅದರ ಮೇಲೆ ಶಾಲೆ ಮಕ್ಕಳ ಯೂನಿಫಾರ್ಮಿನ ರಾಶಿ. ಫಿಲುವಿನ ತಾಯಿ ಆರೋಗ್ಯಮೇರಿ ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ತಲೆ ಬಾಚುತ್ತಿದ್ದರು. ಅವಳ ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿತ್ತು. ರಿಯಾಜ್ ಭಾಯಿ ಕೂರದೆ, ಕ್ಷಮಿಸಿ ಅಮ್ಮ, ನಾನು ಆಡಿಸಬಾರದಿತ್ತು ಎಂದರು. ನಾನೇ ಆಡ್ತೀನಿ ಅಂದಿದ್ದು ಎಂದಳು ಫಿಲು. ತಾಯಿ ಜಡೆ ಹೆಣೆಯುವುದನ್ನು ಮುಗಿಸಿದರು. ಆಮೇಲೆ ನಿಧಾನವಾಗಿ, ಸಿಟ್ಟಿಲ್ಲದೆ ಹೇಳಿದರು.

"ಅವರು ಫೋನ್ ಮಾಡಿ ನಮ್ಮ ಪ್ಲೇಯರ್ ಅಂತಾರೆ. ನೀವು ಬಂದು ನಮ್ಮ ಪ್ಲೇಯರ್ ಅಂತೀರಾ. ಈಗ ಅವಳಿಗೆ ತಲೆ ಬಾಚ್ಕೊಳ್ಳಕ್ಕೆ ಆಗಲ್ಲ, ಊಟ ಕಲಸ್ಕೊಳ್ಳಕ್ಕೆ ಆಗಲ್ಲ. ಇದು ಯಾರ ಕೈ ಸರ್? ಕೇಳಿದ್ರೆ ಆಡ್ತೀನಿ ಅಂತಾಳೆ. ಸಣ್ಣವಳಿದ್ದಾಗಿಂದ ಅಷ್ಟೇ, ಯಾರು ಏನು ಕೇಳಿದ್ರೂ ಆಗಲ್ಲ ಅನ್ನೋದು ಅವಳಿಗೆ ಬರಲ್ಲ. ಅದಕ್ಕೇ ದೊಡ್ಡವರು ಇರೋದು."

ರಿಯಾಜ್ ಭಾಯಿ ಆಗ ಕೂತರು. ಆರೋಗ್ಯಮೇರಿ ಟೀ ಮಾಡಿದರು. ಹಿಂದೊಮ್ಮೆ ಮಗಳನ್ನು ಆಟಕ್ಕೆ ಕಳಿಸಿ ಎಂದು ಕೇಳಲು ಬಂದಾಗಲೂ ಅವರು ಅಲ್ಲೇ ಕೂತು ಟೀ ಕುಡಿದಿದ್ದರಂತೆ. ಆ ಮಾತು ಯಾರೋ ತೆಗೆದರು, ಫಿಲು ನಕ್ಕಳು, ನಕ್ಕದ್ದಕ್ಕೆ ಎಲುಬು ನೋವಾಗಿ ಮುಖ ಕಿವುಚಿದಳು.

ನಾನು ದಾರಿಯುದ್ದಕ್ಕೂ ಆ ತಾಯಿಯ ಪ್ರಶ್ನೆಯನ್ನೇ ಯೋಚಿಸುತ್ತಾ ಬಂದೆ. ಇದು ಯಾರ ಕೈ? ನನ್ನ ವೃತ್ತಿಯಲ್ಲಿ ಕೈಗಳು, ಕಾಲುಗಳು ಅವರವರವೇ. ಆದರೆ ನನ್ನ ಮೇಜಿನ ಮೇಲೆ ಮಲಗಿದವರಲ್ಲಿ ತಮ್ಮ ಮೈ ತಮ್ಮದೆಂಬಂತೆ ಮಾತಾಡಿದವರು ಕಡಿಮೆ. ಸೋಮವಾರ ಆಫೀಸಿಗೆ ಹೋಗುವ ಹಾಗೆ ಮಾಡಿ ಎನ್ನುತ್ತಾರೆ, ಮಗಳ ಬಾಣಂತನ ಇದೆ, ನೆಲಕ್ಕೆ ಕೂರುವ ಹಾಗಾದರೆ ಸಾಕು ಎನ್ನುತ್ತಾರೆ. ಎಲ್ಲರ ಭುಜವೂ ಯಾರದೋ ಕೆಲಸಕ್ಕೆ ಆಗಲೇ ಒಪ್ಪಿತವಾಗಿರುತ್ತದೆ. ಇದರಲ್ಲಿ ತಪ್ಪೇನಿಲ್ಲ, ಯಾರಿಗೂ ಬೇಡದ ಭುಜವನ್ನು ಸರಿಮಾಡಿಸಿಕೊಳ್ಳುವ ಉತ್ಸಾಹ ಯಾರಿಗೂ ಇರುವುದಿಲ್ಲ. ಆದರೆ ಹಕ್ಕು ಕೇಳುವ ಎರಡು ಕಡೆಯವರು ಒಬ್ಬರನ್ನೊಬ್ಬರು ದೂರುವಷ್ಟು ಹೊತ್ತು, ನಡುವಿನವಳಿಗೆ ಒಂದು ವಾರದ ನಿದ್ದೆ ಕೊಡಿಸುವುದು ಯಾರ ಜವಾಬ್ದಾರಿಯೂ ಆಗಿ ಉಳಿಯಲಿಲ್ಲ. ಕ್ಲಬ್ಬಿಗೂ ದೇಶಕ್ಕೂ ನಡುವೆ ಇದ್ದ ಜಗಳ ನಿಜವಾದದ್ದೇ, ಎರಡರ ವಾದವೂ ನ್ಯಾಯವಾದದ್ದೇ. ಅವಳು ಬಿದ್ದದ್ದು ಎರಡು ನ್ಯಾಯಗಳ ನಡುವಿನ ಸಂದಿಯಲ್ಲಿ.

ಎಲುಬು ಚೆನ್ನಾಗಿ ಕೂಡಿಕೊಂಡಿತು. ಆ ದಿನಗಳಲ್ಲಿ ಅವಳು ಕ್ಲಿನಿಕ್ಕಿಗೆ ಬರುವಾಗಲೆಲ್ಲ ಬಾಗಿಲಲ್ಲಿ ರಿಯಾಜ್ ಭಾಯಿಯ ಸ್ಕೂಟರ್ ಇರುತ್ತಿತ್ತು. ಅಂಗಡಿಯನ್ನು ಕೆಲಸದವನಿಗೆ ಬಿಟ್ಟು ಅವಳನ್ನು ಕರೆತಂದು, ಮುಗಿಯುವವರೆಗೆ ಹೊರಗೆ ಬೇವಿನ ಮರದ ಕೆಳಗೆ ಕಾದು, ವಾಪಸು ಬಿಡುತ್ತಿದ್ದರು. ಮನಿಲಾದವರ ಜೊತೆಗಿನ ಮರುಪಂದ್ಯ ಅವಳಿಲ್ಲದೆ ನಡೆಯಿತು. ಅವಳ ಜಾಗದಲ್ಲಿ ಬೇರೆ ರಾಜ್ಯದ ಹುಡುಗಿಯೊಬ್ಬಳು ಆಡಿದಳು, ಚೆನ್ನಾಗಿ ಆಡಿದಳು, ಆ ಜಾಗ ಅವಳದೇ ಆಯಿತು. ಫಿಲುಗೆ ಮತ್ತೆ ಕರೆ ಬರಲಿಲ್ಲ. ಬರಬಹುದೆಂದು ಒಂದು ವರ್ಷ ಕಾದಳು, ಆಮೇಲೆ ಕಾಯುವುದನ್ನೂ ಬಿಟ್ಟಳು. ಅದರ ಬಗ್ಗೆ ಅವಳು ನನ್ನ ಬಳಿ ಮಾತಾಡಿದ್ದು ಒಂದೇ ಸಲ. ಭುಜದ ವ್ಯಾಯಾಮ ಮಾಡುತ್ತಾ, ಗೋಡೆಯ ಕಡೆ ಮುಖ ಮಾಡಿಕೊಂಡೇ, "ಒಂದ್ ಸಲ ಆದ್ರೂ ಹೋದ್ನಲ್ಲ ಅಕ್ಕ," ಎಂದಳು. ಸಮಾಧಾನವೋ ದುಃಖವೋ ತಿಳಿಯಲಿಲ್ಲ. ನಾನು ಕೈ ಇನ್ನೂ ಸ್ವಲ್ಪ ಮೇಲೆ ಎತ್ತು ಎಂದೆ. ಎತ್ತಿದಳು.

ಕೂಡಿಕೊಂಡ ಎಲುಬಿನ ಮೇಲೆ ಸಣ್ಣದೊಂದು ಗಂಟು ಉಳಿಯಿತು. ಆಟಕ್ಕೆ ಅದು ಅಡ್ಡಿಯಲ್ಲ. ಮುಂದಿನ ಸೀಸನ್ನಿಗೆ ಅವಳು ಕ್ಯಾಪ್ಟನ್ ಆದಳು. ಆ ವರ್ಷ ಶೈಲಾ ಬೇರೆಯೇ ಹುಡುಗಿಯಾಗಿದ್ದಳು. ಒಂದು ಉಸಿರು ತಡವಾಗಿ ಹಿಡಿಯುತ್ತಿದ್ದವಳು ಈಗ ಒಂದು ಉಸಿರು ಮೊದಲೇ ಹಿಡಿಯುತ್ತಿದ್ದಳು. ಫಿಲು ಅವಳನ್ನು ದಿನವೂ ನಿಲ್ಲಿಸಿಕೊಂಡು ತಿದ್ದಿದ್ದಳು. ಸೀಸನ್ನಿನ ಕೊನೆಯಲ್ಲಿ, ಹಿಂದಿನಂತೆಯೇ ನಾವು ಇಕ್ಕಟ್ಟಿನಲ್ಲಿದ್ದಾಗ, ಶೈಲಾಗೆ ಕರೆ ಬಂತು. ಬ್ಯಾಂಕಾಕಿನಲ್ಲಿ ಪಂದ್ಯ.

ಅಭ್ಯಾಸಕ್ಕೆ ಬಂದವಳು ಎಲ್ಲರೂ ಸೇರುವವರೆಗೆ ಕಾದು ವಿಷಯ ಹೇಳಿದಳು. ಈ ಸಲ ಯಾರೂ ತಕ್ಷಣ ಕುಣಿಯಲಿಲ್ಲ. ಎಲ್ಲರ ಕಣ್ಣೂ ರಿಯಾಜ್ ಭಾಯಿಯ ಕಡೆ ಹೋಯಿತು.

"ನಾ ಹೋಗ್ಲೇನ್ರಿ ಸರ್?" ಎಂದಳು ಶೈಲಾ.

"ನನ್ನ ಕೇಳ್ಬೇಡ," ಎಂದರು ಅವರು. "ಕ್ಯಾಪ್ಟನ್ನ ಕೇಳು."

ಫಿಲು ಮಣ್ಣಿನ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದಳು. ತಲೆಯೆತ್ತಿ ಶೈಲಾಳನ್ನು ನೋಡಿದಳು.

"ಹೋಗು. ಚೆನ್ನಾಗಿ ಆಡು. ಬಂದ್ಮೇಲೆ ಎರಡು ವಾರ ಈ ಗ್ರೌಂಡಲ್ಲಿ ನೀನು ಬೂಟು ಹಾಕೋ ಹಾಗಿಲ್ಲ. ಹಾಕಿದ್ರೆ ನಾನೇ ಕಾಲು ಮುರೀತೀನಿ."

ಆಗ ಎಲ್ಲರೂ ಕುಣಿದರು.

ಶೈಲಾ ಹೋದಳು. ಅವಳಿಲ್ಲದ ಪಂದ್ಯವನ್ನು ನಾವು ಸೋತೆವು. ಬಂದ ವಾರ ಅವಳು ಚಪ್ಪಲಿ ಹಾಕಿಕೊಂಡು ಮೈದಾನದ ಬದಿಯ ಕಲ್ಲಿನ ಮೇಲೆ ನನ್ನ ಪಕ್ಕ ಕೂತಳು. ಎರಡು ಸಲ ಎದ್ದು ನಿಂತು ಸರ್ ಕಡೆ ನೋಡಿದಳು, ಅವರು ಬೇರೆ ಕಡೆ ನೋಡಿದರು. ಗಂಟಲು ಕಟ್ಟುವಷ್ಟು ಕೂಗಿದಳು. ಆ ಪಂದ್ಯವನ್ನೂ ಸೋತೆವು, ಕೆಳಗಿನ ವಿಭಾಗಕ್ಕೆ ಬಿದ್ದೆವು. ಅಂದು ಸಂಜೆ ಭುಜ ಹಿಡಿದುಕೊಂಡು ನನ್ನ ಕ್ಲಿನಿಕ್ಕಿಗೆ ತಂಡದ ಯಾರೂ ಬರಲಿಲ್ಲ.